ಕಂಪ್ಯೂಟರ್ ಮುಂದೆ ಕೂತು ಟಿಬಿ ಲಸಿಕೆ ವಿನ್ಯಾಸ: ಜೀನೋಮ್‌ನಿಂದ ಪೆಪ್ಟೈಡ್ ಪಟ್ಟಿವರೆಗೆ

ಒಂದು ಲ್ಯಾಪ್‌ಟಾಪ್, ಇಂಟರ್‌ನೆಟ್, ಎರಡು ವಾರ ಬಿಡುವು. ಇಷ್ಟಿದ್ದರೆ ಕ್ಷಯಕ್ಕೆ ಒಂದು ‘ಲಸಿಕೆ’ ವಿನ್ಯಾಸ ಮಾಡಿ ಮುಗಿಸಬಹುದು. ಬೇಕಾದ ಸರ್ವರ್‌ಗಳಲ್ಲಿ ಹೆಚ್ಚಿನವು ಕಲಿಕೆಗೆ, ಸಂಶೋಧನೆಗೆ ಉಚಿತ. ಯಾವ ಸರ್ವರ್ರೂ ‘ಇದು ಸರಿ ಇಲ್ಲ, ಬೇರೆ ತಗೊಂಡು ಬಾ’ ಅನ್ನುವುದಿಲ್ಲ. ಏನು ಹಾಕಿದರೂ ಒಂದು ಅಂಕಿ, ಒಂದು ಬಣ್ಣದ ಚಿತ್ರ ವಾಪಸ್ ಕೊಡುತ್ತದೆ. ತೊಂದರೆ ಇರುವುದೇ ಅಲ್ಲಿ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಪ್ರತಿ ಟೂಲ್‌ಗೂ ಹೊಸ ಪ್ರಶ್ನೆ ಕೇಳುವ ಮೊದಲು, ಉತ್ತರ ಗೊತ್ತಿರುವ ಹಳೇ ಪ್ರಶ್ನೆ ಒಂದನ್ನು ಕೇಳುತ್ತೇವೆ. ಚಿನ್ನ ಕೊಳ್ಳುವ ಮೊದಲು ಒರೆಗೆ ಹಚ್ಚುವ ಹಾಗೆ. ಜೀವಶಾಸ್ತ್ರ ಸ್ವಲ್ಪ ಗೊತ್ತಿದ್ದು, ಪ್ರೋಟೀನ್, ಟಿ ಕೋಶ, ಎಪಿಟೋಪ್ (ರೋಗನಿರೋಧಕ ಕೋಶ ಗುರುತು ಹಿಡಿಯುವ ಪ್ರೋಟೀನ್ ತುಂಡು) ಅಂದರೆ ಏನು ಅಂತ ಅಂದಾಜಿದ್ದರೆ ಸಾಕು. ಪೆಪ್ಟೈಡ್ ಅಂದರೆ ಪ್ರೋಟೀನ್‌ನ ಚಿಕ್ಕ ತುಂಡು. ಪೈಥಾನ್ ಬಂದರೆ ಕೆಲಸ ಬೇಗ ಆಗುತ್ತದೆ. ಬರದಿದ್ದರೂ ಸ್ಪ್ರೆಡ್‌ಶೀಟ್‌ನಲ್ಲಿ ನಡೆಯುತ್ತದೆ.

ಮೊದಲು ರೋಗದ ಬಗ್ಗೆ ಎರಡು ಮಾತು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಸುಮಾರು 1.08 ಕೋಟಿ ಜನರಿಗೆ ಟಿಬಿ ಬಂತು, 12.5 ಲಕ್ಷ ಜನ ಸತ್ತರು. ನಮ್ಮ ಕೈಯಲ್ಲಿರುವ ಲಸಿಕೆ ಬಿಸಿಜಿ ಒಂದೇ. ಕಾಲ್ಮೆಟ್ ಮತ್ತು ಗೆರಾನ್ ದನದ ಟಿಬಿ ಬ್ಯಾಕ್ಟೀರಿಯಾವನ್ನು ಗ್ಲಿಸರಿನ್, ಪಿತ್ತರಸ, ಆಲೂಗಡ್ಡೆಯ ಮೇಲೆ 13 ವರ್ಷ, ಸುಮಾರು 230 ಸಲ ಮರುಬೆಳೆಸಿ ಅದರ ಹಲ್ಲು ಕಿತ್ತರು. 1921ರಲ್ಲಿ ಮೊದಲ ಸಲ ಮಗುವಿಗೆ ಕೊಟ್ಟರು. ಚಿಕ್ಕ ಮಕ್ಕಳ ಮಿದುಳುಪೊರೆಯ ಟಿಬಿಯಂಥ ತೀವ್ರ ರೂಪಗಳನ್ನು ಅದು ಚೆನ್ನಾಗಿ ತಡೆಯುತ್ತದೆ. ದೊಡ್ಡವರ ಶ್ವಾಸಕೋಶದ ಟಿಬಿ ವಿಷಯದಲ್ಲಿ ಮಾತ್ರ ಅದನ್ನು ನಂಬಿ ಕೂರುವಂತಿಲ್ಲ.

ವಿನ್ಯಾಸ ಮಾಡುವವರಿಗೆ ಇಲ್ಲಿ ಮುಖ್ಯವಾದದ್ದು ಬ್ಯಾಕ್ಟೀರಿಯಾ ಎಲ್ಲಿ ವಾಸ ಮಾಡುತ್ತದೆ ಅನ್ನೋದು. ಅದನ್ನು ಕೊಲ್ಲಬೇಕಾದ ಮ್ಯಾಕ್ರೋಫೇಜ್ ಕೋಶದ ಒಳಗೇ ಅದು ಮನೆ ಮಾಡಿಕೊಂಡಿರುತ್ತದೆ. ರಕ್ತದಲ್ಲಿ ಓಡಾಡುವ ಪ್ರತಿಕಾಯಗಳಿಗೆ ಅಲ್ಲಿ ಸುಲಭದ ದಾರಿ ಇಲ್ಲ. ಹೆಚ್ಚಿನ ಕೆಲಸ ಸಿಡಿ4 ಟಿ ಕೋಶಗಳದ್ದು. ಎಚ್‌ಐವಿಯಿಂದ ಸಿಡಿ4 ಕೋಶ ಕಡಿಮೆ ಆದವರಲ್ಲಿ ಟಿಬಿ ಹೇಗೆ ಭುಗಿಲೇಳುತ್ತದೆ ನೋಡಿ, ಅಷ್ಟು ಸಾಕ್ಷಿ ಸಾಕು. ಆದರೆ ಟಿ ಕೋಶಗಳನ್ನು ಎಬ್ಬಿಸಿದ ಮಾತ್ರಕ್ಕೆ ಲಸಿಕೆ ಆಗಿಬಿಡುವುದಿಲ್ಲ. ಎಂವಿಎ85ಎ ಅನ್ನುವ ಲಸಿಕೆ ಟಿ ಕೋಶಗಳನ್ನು ಎಬ್ಬಿಸಿತ್ತು. 2013ರಲ್ಲಿ ದಕ್ಷಿಣ ಆಫ್ರಿಕಾದ ಶಿಶುಗಳ ಪ್ರಯೋಗದ ಫಲಿತಾಂಶ ಬಂದಾಗ, ಬಿಸಿಜಿಗಿಂತ ಜಾಸ್ತಿ ರಕ್ಷಣೆ ಕಾಣಲಿಲ್ಲ. ಈ ಕಹಿ ನೆನಪು ಮುಂದಿನ ಪ್ರತಿ ಹಂತದಲ್ಲೂ ತಲೆಯಲ್ಲಿರಲಿ.

ಹಂತ 1: ಏನು ಮಾಡಬೇಕು ಅಂತ ಒಂದು ಸಾಲಿನಲ್ಲಿ ಬರೆಯಿರಿ

ಸೋಂಕನ್ನೇ ತಡೆಯಬೇಕಾ, ಸೋಂಕು ಇದ್ದವರಲ್ಲಿ ರೋಗ ಏಳದಂತೆ ನೋಡಬೇಕಾ? ಬಿಸಿಜಿ ಮೇಲೆ ಕೊಡುವ ಬೂಸ್ಟರ್ರಾ, ಅದರ ಬದಲಿಯಾ? ಉತ್ತರದ ಮೇಲೆ ಪ್ರೋಟೀನ್‌ಗಳ ಆಯ್ಕೆಯೇ ಬದಲಾಗುತ್ತದೆ.

ಒಂದು ಉದಾಹರಣೆ. ಇಸ್ಯಾಟ್-6 ಮತ್ತು ಸಿಎಫ್‌ಪಿ-10 ಅನ್ನುವ ಎರಡು ಪ್ರೋಟೀನ್‌ಗಳು ಬಿಸಿಜಿಯಲ್ಲಿ ಇಲ್ಲ. ಆಲೂಗಡ್ಡೆಯ ಮೇಲೆ ಬೆಳೆಯುತ್ತಾ ಅದು ಆರ್‌ಡಿ1 ಅನ್ನುವ ಡಿಎನ್‌ಎ ತುಂಡನ್ನೇ ಕಳೆದುಕೊಂಡಿತ್ತು. ಈ ಎರಡೂ ಟಿ ಕೋಶಗಳನ್ನು ಜೋರಾಗಿ ಕೆರಳಿಸುತ್ತವೆ. ಹಾಗಾದರೆ ಲಸಿಕೆಗೆ ಹೇಳಿ ಮಾಡಿಸಿದ್ದು, ಅಲ್ವಾ? ನಿಲ್ಲಿ. ಟಿಬಿ ಸೋಂಕು ಪತ್ತೆ ಮಾಡುವ ಇಗ್ರಾ ರಕ್ತಪರೀಕ್ಷೆ ನಿಂತಿರುವುದೇ ಈ ಎರಡರ ಮೇಲೆ. ಇವನ್ನು ಲಸಿಕೆಗೆ ಹಾಕಿದರೆ, ಲಸಿಕೆ ಪಡೆದವರಲ್ಲಿ ಪರೀಕ್ಷೆ ಪಾಸಿಟಿವ್ ಬಂದರೂ ಸೋಂಕೋ ಲಸಿಕೆಯೋ ಅಂತ ಹೇಳುವುದು ಕಷ್ಟ. ಹಾಕಬಾರದು ಅಂತಲ್ಲ. ಹಾಕುವುದಾದರೆ ಗೊತ್ತಿದ್ದು ಹಾಕಿ.

ಹಂತ 2: ಪ್ರೋಟೀನ್‌ಗಳ ಪಟ್ಟಿ ಇಳಿಸಿಕೊಳ್ಳಿ, ಜರಡಿ ಹಿಡಿಯಿರಿ

ಲ್ಯಾಬುಗಳಲ್ಲಿ ಬಳಸುವ ಟಿಬಿ ಬ್ಯಾಕ್ಟೀರಿಯಾದ ಎಚ್37ಆರ್‌ವಿ ತಳಿಯ ಪೂರ್ತಿ ಜೀನೋಮ್ 1998ರಲ್ಲಿ ಪ್ರಕಟವಾಯಿತು. ಸುಮಾರು 44 ಲಕ್ಷ ಅಕ್ಷರ, ಸುಮಾರು 4,000 ಪ್ರೋಟೀನ್. ಯುನಿಪ್ರೋಟ್ ಅನ್ನುವ ಪ್ರೋಟೀನ್ ಡೇಟಾಬೇಸ್‌ನಲ್ಲಿ ಈ ತಳಿಯ ರೆಫರೆನ್ಸ್ ಪ್ರೋಟಿಯೋಮ್ (ಎಲ್ಲ ಪ್ರೋಟೀನ್‌ಗಳ ಪಟ್ಟಿ) ತೆರೆದು ಫಾಸ್ಟಾ ಫೈಲ್ (ಅನುಕ್ರಮಗಳ ಪಠ್ಯ ಫೈಲ್) ಇಳಿಸಿಕೊಳ್ಳಿ. ಪಕ್ಕದಲ್ಲಿ ಟಿಬಿ ಜೀನ್‌ಗಳ ಮಾಹಿತಿ ಕೊಡುವ ಮೈಕೋಬ್ರೌಸರ್ ತಾಣ ತೆರೆದಿಟ್ಟುಕೊಳ್ಳಿ. ಪ್ರತಿ ಜೀನ್‌ಗೂ ಒಂದು ಆರ್‌ವಿ ಸಂಖ್ಯೆ ಇರುತ್ತದೆ. ಒಂದೇ ಪ್ರೋಟೀನ್‌ಗೆ ನಾಲ್ಕು ಹೆಸರು ಇರುವ ಈ ಲೋಕದಲ್ಲಿ ಆರ್‌ವಿ ಸಂಖ್ಯೆ ಒಂದೇ ಗತಿ. ಸ್ಪ್ರೆಡ್‌ಶೀಟ್‌ನ ಮೊದಲ ಕಾಲಂ ಅದೇ ಇರಲಿ.

ಈಗ ಜರಡಿ. ಜೀನೋಮ್‌ನಿಂದ ಶುರುಮಾಡಿ ಲಸಿಕೆ ಹುಡುಕುವ ‘ರಿವರ್ಸ್ ವ್ಯಾಕ್ಸಿನಾಲಜಿ’ ಅನ್ನುವ ಈ ವಿಧಾನ ಮೊದಲು ಗೆದ್ದದ್ದು ಮೆನಿಂಗೋಕಾಕಸ್ ಬಿ ಅನ್ನುವ ಬ್ಯಾಕ್ಟೀರಿಯಾದ ಮೇಲೆ. ಅಲ್ಲಿ ಪ್ರತಿಕಾಯ ಬೇಕಿತ್ತು, ಹಾಗಾಗಿ ಹೊರಮೈ ಪ್ರೋಟೀನ್‌ಗಳನ್ನು ಹುಡುಕಿದರು. ಆ ಜರಡಿಯನ್ನೇ ಟಿಬಿಗೂ ಹಾಕುವವರು ತುಂಬಾ ಜನ. ಸಿಗ್ನಲ್‌ಪಿ ಅನ್ನುವ ಟೂಲ್ ಓಡಿಸು, ಸಿಗ್ನಲ್ ಪೆಪ್ಟೈಡ್ (ಪ್ರೋಟೀನನ್ನು ಹೊರಗೆ ಕಳಿಸುವ ಶುರುವಿನ ತುಂಡು) ಇದ್ದರೆ ಉಳಿಸು, ಇಲ್ಲದಿದ್ದರೆ ಬಿಸಾಕು.

ಇಲ್ಲೇ ಮೊದಲ ಒರೆ ಹಚ್ಚಿ. ಇಸ್ಯಾಟ್-6, ಅಂದರೆ ಆರ್‌ವಿ3875, ಇದನ್ನು ಸಿಗ್ನಲ್‌ಪಿಗೆ ಕೊಡಿ. ಸಿಗ್ನಲ್ ಪೆಪ್ಟೈಡ್ ಇಲ್ಲ ಅನ್ನುತ್ತದೆ. ಟೂಲ್ ಹೇಳಿದ್ದು ಸರಿ. ಇಸ್ಯಾಟ್-6 ಹೊರಗೆ ಬರುವುದು ಇಎಸ್‌ಎಕ್ಸ್-1 ಅನ್ನುವ ಬೇರೆಯೇ ಬಾಗಿಲಿನಿಂದ. ಅಂದರೆ ನಿಮ್ಮ ಜರಡಿ, ಇಡೀ ಟಿಬಿ ಲೋಕದಲ್ಲಿ ಜಾಸ್ತಿ ಅಧ್ಯಯನ ಆಗಿರುವ ಆ್ಯಂಟಿಜೆನ್ (ರೋಗನಿರೋಧಕ ಕೋಶಗಳನ್ನು ಕೆರಳಿಸುವ ಪ್ರೋಟೀನ್) ಒಂದನ್ನೇ ಹೊರಗೆ ಎಸೆಯುತ್ತದೆ. ಆದ್ದರಿಂದ ಸಿಗ್ನಲ್‌ಪಿ ಉತ್ತರವನ್ನು ಒಂದು ಕಾಲಂ ಆಗಿ ಇಟ್ಟುಕೊಳ್ಳಿ, ಕತ್ತರಿಯಾಗಿ ಅಲ್ಲ. ಲ್ಯಾಬಿನಲ್ಲಿ ಬೆಳೆಸಿದ ದ್ರವದಲ್ಲಿ ಪ್ರೋಟೀನ್ ನಿಜವಾಗಿ ಸಿಕ್ಕಿದೆಯಾ ಅನ್ನುವ ಮಾಹಿತಿಗೆ ಜಾಸ್ತಿ ತೂಕ ಕೊಡಿ.

ಪ್ರೋಟೀನ್ ಒಳ್ಳೆಯ ಆ್ಯಂಟಿಜೆನ್ ಆಗಬಲ್ಲದಾ ಅಂತ ಅಂಕ ಕೊಡುವ ವ್ಯಾಕ್ಸಿಜೆನ್‌ಗೂ ಇದೇ ಮಾತು. ಬ್ಯಾಕ್ಟೀರಿಯಾಕ್ಕೆ ಅದರ ರೂಢಿಯ ಗಡಿ 0.4. ಪೂರ್ತಿ ಪ್ರೋಟೀನ್‌ಗಳ ಮೇಲೆ ತರಬೇತಿ ಪಡೆದ ಟೂಲ್ ಅದು. ಒಂಬತ್ತು ಅಮೈನೋ ಆಮ್ಲದ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳು) ತುಂಡು ಕೊಟ್ಟು ‘0.9 ಬಂತು, ಭಾರಿ ಆ್ಯಂಟಿಜೆನ್’ ಅಂತ ಬರೆಯುವುದನ್ನು ನೋಡಿದರೆ ನನಗೆ ಸುಮ್ನೆ ಕಿರಿಕಿರಿ ಆಗುತ್ತದೆ.

ಪಿಇ ಮತ್ತು ಪಿಪಿಇ ಕುಟುಂಬದ ಪ್ರೋಟೀನ್‌ಗಳು ಜೀನೋಮ್‌ನ ಸುಮಾರು 10% ಜಾಗ ತಿನ್ನುತ್ತವೆ. ಪದೇ ಪದೇ ಒಂದೇ ಅನುಕ್ರಮ ಬರುವುದರಿಂದ ಚಿಕ್ಕ ರೀಡ್‌ಗಳ ಸೀಕ್ವೆನ್ಸಿಂಗ್‌ನಲ್ಲಿ ಇವು ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಹಲವರು ಕುಟುಂಬವನ್ನೇ ಪಟ್ಟಿಯಿಂದ ತೆಗೆದುಬಿಡುತ್ತಾರೆ. ಆದರೆ ಮನುಷ್ಯರಲ್ಲಿ ಪ್ರಯೋಗ ಆಗಿರುವ ಎಂ72 ಅನ್ನುವ ಟಿಬಿ ಲಸಿಕೆಯ ಅರ್ಧ ಭಾಗ ಆರ್‌ವಿ1196, ಅದು ಪಿಪಿಇ18. ಕುಟುಂಬ ಸಮೇತ ಹೊರಹಾಕಬೇಡಿ, ಒಂದೊಂದಾಗಿ ನೋಡಿ.

ಹಂತ 3: ನಾಲ್ಕೈದು ಪ್ರೋಟೀನ್‌ಗೆ ಇಳಿಯಿರಿ

ಇಲ್ಲಿ ಟೂಲ್‌ಗಿಂತ ಓದು ಮುಖ್ಯ. ಬ್ಯಾಕ್ಟೀರಿಯಾ ಬೆಳೆಯುವಾಗ ಮಾಡುವ ಪ್ರೋಟೀನ್ ಬೇರೆ, ಮಲಗಿರುವಾಗ ಮಾಡುವುದು ಬೇರೆ. ಎಜಿ85ಬಿ, ಅಂದರೆ ಆರ್‌ವಿ1886ಸಿ, ಸೋಂಕಿನ ಮೊದಲ ದಿನಗಳಲ್ಲಿ ಜೋರಾಗಿರುತ್ತದೆ. ಇಲಿಗಳಲ್ಲಿ ಆಮೇಲೆ ಇಳಿದುಹೋಗುವುದು ಕಂಡಿದೆ. ಆಮ್ಲಜನಕ ಕಡಿಮೆಯಾದಾಗ ಎಚ್‌ಎಸ್‌ಪಿಎಕ್ಸ್, ಅಂದರೆ ಆರ್‌ವಿ2031ಸಿ, ತಲೆ ಎತ್ತುತ್ತದೆ. ಎರಡೂ ಕಾಲದ ಪ್ರೋಟೀನ್‌ಗಳು ಪಟ್ಟಿಯಲ್ಲಿರಲಿ.

ಆಮೇಲೆ ಮನುಷ್ಯರ ಪ್ರೋಟೀನ್‌ಗಳ ಎದುರು ಬ್ಲಾಸ್ಟ್‌ಪಿ (ಅನುಕ್ರಮಗಳ ಹೋಲಿಕೆ ಹುಡುಕುವ ಟೂಲ್) ಓಡಿಸಿ. ಬ್ಯಾಕ್ಟೀರಿಯಾದ ಎಚ್‌ಎಸ್‌ಪಿ65, ಅಂದರೆ ಆರ್‌ವಿ0440, ನಮ್ಮದೇ ಎಚ್‌ಎಸ್‌ಪಿ60ನ ದಾಯಾದಿ. ಇದನ್ನು ಕೊಟ್ಟಾಗ ಬ್ಲಾಸ್ಟ್ ಕೂಗಿಕೊಳ್ಳಬೇಕು. ಕೂಗದಿದ್ದರೆ ನೀವು ತಪ್ಪು ಡೇಟಾಬೇಸ್ ಆರಿಸಿದ್ದೀರಿ.

ಹಂತ 4: ಎಪಿಟೋಪ್ ಹುಡುಕಾಟ

ಇದು ಇಡೀ ಕೆಲಸದ ಹೃದಯ. ನಿಧಾನಕ್ಕೆ ಹೋಗೋಣ.

ಟಿ ಕೋಶ ಪ್ರೋಟೀನನ್ನು ಇಡಿಯಾಗಿ ನೋಡುವುದಿಲ್ಲ. ಅದರ ತುಂಡೊಂದು ಎಚ್‌ಎಲ್‌ಎ ಅನ್ನುವ ತಟ್ಟೆಯ ಮೇಲೆ ಕೂತಿರಬೇಕು. ಕ್ಲಾಸ್ 1 ತಟ್ಟೆಗೆ ಸಾಮಾನ್ಯವಾಗಿ 9 ಅಮೈನೋ ಆಮ್ಲದ ತುಂಡು, ಕ್ಲಾಸ್ 2ಕ್ಕೆ ಉದ್ದನೆಯದು, ಲೆಕ್ಕಕ್ಕೆ 15 ಹಿಡಿಯುತ್ತಾರೆ. ಟಿಬಿಗೆ ಕ್ಲಾಸ್ 2 ಮೊದಲು. ಟೂಲ್ ನೆಟ್‌ಎಂಎಚ್‌ಸಿ-2-ಪ್ಯಾನ್. ಕ್ಲಾಸ್ 1ಕ್ಕೆ ನೆಟ್‌ಎಂಎಚ್‌ಸಿಪ್ಯಾನ್. ಎರಡೂ ಐಇಡಿಬಿ ಅನ್ನುವ ಎಪಿಟೋಪ್ ಡೇಟಾಬೇಸ್ ತಾಣದಲ್ಲಿ ಸಿಗುತ್ತವೆ. ಜಗತ್ತಿನ ಹೆಚ್ಚಿನ ಜನರನ್ನು ಹಿಡಿಯುವ 27 ಅಲೀಲ್‌ಗಳ (ಜನರಿಂದ ಜನರಿಗೆ ಬದಲಾಗುವ ಎಚ್‌ಎಲ್‌ಎ ಮಾದರಿಗಳು) ರೆಫರೆನ್ಸ್ ಪಟ್ಟಿಯೂ ಅಲ್ಲೇ ಇದೆ.

ಈಗ ಎಜಿ85ಬಿ ಒಂದನ್ನೇ ತಗೊಳ್ಳಿ. 325 ಅಮೈನೋ ಆಮ್ಲ. 15ರ ತುಂಡುಗಳು 311. 27 ಅಲೀಲ್‌ಗಳಿಂದ ಗುಣಿಸಿದರೆ 8,397 ಸಾಲು. ಪ್ರತಿ ಸಾಲಿಗೂ ಒಂದು ಶೇಕಡಾ ರ್‍ಯಾಂಕ್. ರ್‍ಯಾಂಕ್ 2 ಅಂದರೆ, ಯಾದೃಚ್ಛಿಕ ತುಂಡುಗಳ ದೊಡ್ಡ ರಾಶಿಯಲ್ಲಿ ಮೇಲಿನ 2%ಗೆ ಸೇರಿದ್ದು ಅಂತ. ಇದನ್ನು ಇನ್ನೊಂದು ಸಲ ಓದಿ. ಹಾಗಿದ್ದರೆ ಯಾವ ಅರ್ಥವೂ ಇಲ್ಲದ ಪ್ರೋಟೀನ್ ಹಾಕಿದರೂ 8,397ರ 2%, ಅಂದರೆ ಸುಮಾರು 168 ಸಾಲು ‘ಪಾಸ್’ ಆಗುತ್ತವೆ. ‘ನಮಗೆ 150 ಒಳ್ಳೆಯ ಬೈಂಡರ್ (ತಟ್ಟೆಗೆ ಅಂಟುವ ತುಂಡು) ಸಿಕ್ಕವು’ ಅಂತ ಕುಣಿಯುವ ಮೊದಲು ಈ ಲೆಕ್ಕ ಹಾಕಿ. ನೀವು ನೋಡಬೇಕಾದದ್ದು ಒಟ್ಟು ಸಂಖ್ಯೆಯನ್ನಲ್ಲ. ಒಂದೇ ಜಾಗದಲ್ಲಿ ಹಲವು ಅಲೀಲ್‌ಗಳು ಗುಂಪುಗೂಡಿವೆಯಾ ಅನ್ನುವುದನ್ನು. ಅಕ್ಕಪಕ್ಕದ ತುಂಡುಗಳು ಒಂದೇ 9ರ ತಿರುಳನ್ನು ಹಂಚಿಕೊಂಡಿರುತ್ತವೆ. ಅವನ್ನು ಒಂದೇ ಎಣಿಕೆ ಮಾಡಿ.

ಇನ್ನು ಒರೆ. ಪ್ರಯೋಗಕ್ಕೆ ಬಳಸುವ ಕಪ್ಪು ಇಲಿ ತಳಿಯೊಂದರಲ್ಲಿ ಎಜಿ85ಬಿಯ ಒಂದು ತುಂಡು ತುಂಬಾ ಹೆಸರುವಾಸಿ. ಪೆಪ್ಟೈಡ್-25 ಅನ್ನುತ್ತಾರೆ. ಇಲಿಯ ಐ-ಎಬಿ ಅಲೀಲ್ ಆರಿಸಿ, ಎಜಿ85ಬಿ ಹಾಕಿ ಓಡಿಸಿ. ಪೆಪ್ಟೈಡ್-25 ಇರುವ ಜಾಗ ಪಟ್ಟಿಯ ಮೇಲ್ಭಾಗದಲ್ಲಿ ಕಾಣಬೇಕು.

ನಾನು ಮೊದಲ ಸಲ ಇದನ್ನು ಮಾಡಿದಾಗ ಕಾಣಲೇ ಇಲ್ಲ. ಪ್ರಬಂಧದಲ್ಲಿ 240ರಿಂದ 254 ಅಂತ ಇತ್ತು. ನನ್ನ ಪಟ್ಟಿಯಲ್ಲಿ ಆ ಜಾಗ ಖಾಲಿ ಖಾಲಿ. ಎರಡು ದಿನ ಟೂಲ್‌ಗೆ ಬೈದೆ. ಮೂರನೇ ದಿನ ಗೊತ್ತಾಯಿತು, ತಪ್ಪು ನನ್ನದು. ಎಜಿ85ಬಿ ಹೊರಗೆ ಬರುವಾಗ ಶುರುವಿನ 40 ಅಮೈನೋ ಆಮ್ಲಗಳ ಸಿಗ್ನಲ್ ತುಂಡು ಕತ್ತರಿಸಿ ಹೋಗುತ್ತದೆ. ಪ್ರಬಂಧ ಎಣಿಸಿದ್ದು ಕತ್ತರಿಸಿದ ಮೇಲೆ. ಯುನಿಪ್ರೋಟ್ ಎಣಿಸುವುದು ಕತ್ತರಿಸುವ ಮೊದಲು. 240ಕ್ಕೆ 40 ಸೇರಿಸಿ, 280ರಿಂದ 294 ನೋಡಿದರೆ ತುಂಡು ಅಲ್ಲೇ ಕೂತಿತ್ತು. ಬೇರೆ ಪ್ರಬಂಧಗಳು ಅದನ್ನು 280–294 ಅಂತಲೇ ಕರೆಯುತ್ತವೆ. ಆದ್ದರಿಂದ ಸಂಖ್ಯೆ ನಂಬಬೇಡಿ, ಅಕ್ಷರಗಳನ್ನೇ ನಕಲು ಮಾಡಿ ಹುಡುಕಿ.

ಒಂದು ಎಚ್ಚರಿಕೆ. ಇಷ್ಟು ಪ್ರಸಿದ್ಧ ತುಂಡನ್ನು ಟೂಲ್ ತನ್ನ ತರಬೇತಿಯಲ್ಲೇ ನೋಡಿರಬಹುದು. ಹಾಗಾಗಿ ಈ ಒರೆ ಟೂಲ್‌ನ ಜಾಣತನಕ್ಕಲ್ಲ, ನಿಮ್ಮ ಸೆಟ್ಟಿಂಗ್‌ಗೆ. ಟೂಲ್ ಎಷ್ಟು ಜಾಣ ಅಂತ ನೋಡಬೇಕಿದ್ದರೆ, ಐಇಡಿಬಿಯಿಂದ ನಿಮ್ಮ ಪ್ರೋಟೀನ್‌ನ ಮನುಷ್ಯರ ಟಿ ಕೋಶ ಪರೀಕ್ಷೆಗಳನ್ನು ಇಳಿಸಿಕೊಳ್ಳಿ. ಪಾಸಿಟಿವ್ ಮಾತ್ರ ಅಲ್ಲ, ನೆಗೆಟಿವ್ ಕೂಡ. ನಿಮ್ಮ ಗಡಿ ಎಷ್ಟು ಪಾಸಿಟಿವ್ ಹಿಡಿಯಿತು, ಎಷ್ಟು ನೆಗೆಟಿವ್‌ಗಳನ್ನು ಸುಮ್ಮನೆ ಒಳಗೆ ಬಿಟ್ಟಿತು ಅಂತ ಎಣಿಸಿ. ಎಚ್‌ಎಲ್‌ಎಗೆ ಅಂಟುವುದು ಬೇಕೇ ಬೇಕು, ಆದರೆ ಅಷ್ಟೇ ಸಾಲದು ಅನ್ನೋದು ಆಗ ಕಣ್ಣಿಗೇ ಕಾಣುತ್ತದೆ.

ಬಿ ಕೋಶ (ಪ್ರತಿಕಾಯ ಮಾಡುವ ಕೋಶ) ಎಪಿಟೋಪ್‌ಗಳಿಗೆ ಬೆಪಿಪ್ರೆಡ್ ಇದೆ. ಟಿಬಿಗೆ ನಾನು ಅದನ್ನು ಕೊನೆಗೆ ಇಡುತ್ತೇನೆ.

ಹಂತ 5: ಎಲ್ಲ ತಳಿಗಳಲ್ಲೂ ಇದೆಯಾ? ಇದ್ದರೆ ಒಳ್ಳೆಯದಾ?

ಆಯ್ದ ತುಂಡು ಬೇರೆ ಬೇರೆ ತಳಿಗಳಲ್ಲಿ ಬದಲಾಗದೆ ಉಳಿದಿದೆಯಾ ನೋಡುವುದು ಎಲ್ಲ ಪಾಠಗಳಲ್ಲೂ ಬರುವ ಹಂತ. ಸಾರ್ವಜನಿಕ ಜೀನೋಮ್‌ಗಳನ್ನು ಲಿನಿಯೇಜ್ (ಟಿಬಿ ತಳಿಗಳ ದೊಡ್ಡ ವಂಶ) 1ರಿಂದ 4ರವರೆಗೆ ಹರಡಿಕೊಂಡಂತೆ ಆರಿಸಿ, ಐಇಡಿಬಿಯ ಕನ್ಸರ್ವೆನ್ಸಿ ಟೂಲ್‌ಗೆ ಕೊಡಿ. ಬದಲಾಗದಿದ್ದರೆ ಉಳಿಸಿ. ಇನ್‌ಫ್ಲುಯೆಂಜಾಕ್ಕೆ, ಎಚ್‌ಐವಿಗೆ ಇದು ಸರಿಯಾದ ಬುದ್ಧಿ.

ಟಿಬಿ ಇಲ್ಲಿ ಎಲ್ಲರಿಗೂ ಕೈ ಕೊಡುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು 21 ತಳಿಗಳ ಜೀನೋಮ್ ಹೋಲಿಸಿತು. ಆಗ ಗೊತ್ತಿದ್ದ ಟಿ ಕೋಶ ಎಪಿಟೋಪ್‌ಗಳಲ್ಲಿ ಹೆಚ್ಚಿನವು ಒಂಚೂರೂ ಬದಲಾಗಿರಲಿಲ್ಲ. ಜೀನೋಮ್‌ನ ಉಳಿದ ಭಾಗಕ್ಕಿಂತಲೂ ಗಟ್ಟಿ! ಬೇರೆ ರೋಗಾಣುಗಳು ಟಿ ಕೋಶದ ಕಣ್ಣು ತಪ್ಪಿಸಲು ವೇಷ ಬದಲಿಸುತ್ತವೆ. ಇದು ‘ನೋಡು, ಚೆನ್ನಾಗಿ ನೋಡು’ ಅಂತ ಎದುರಿಗೇ ನಿಲ್ಲುತ್ತದೆ. ಒಂದು ವಿವರಣೆ ಹೀಗಿದೆ: ಟಿ ಕೋಶಗಳ ಹೊಡೆತದಿಂದ ಶ್ವಾಸಕೋಶ ಹಾಳಾಗಿ, ಕೆಮ್ಮು ಬಂದು, ಬ್ಯಾಕ್ಟೀರಿಯಾ ಇನ್ನೊಬ್ಬರಿಗೆ ದಾಟುತ್ತದೆ. ನಮ್ಮ ಪ್ರತಿಕ್ರಿಯೆಯೇ ಅದಕ್ಕೆ ವಾಹನ. ಹಾಗಿದ್ದರೆ ಬದಲಾಗದ ತುಂಡನ್ನು ಆರಿಸುವುದು, ಅದು ಎಸೆದ ಗಾಳವನ್ನೇ ನುಂಗಿದಂತೆ ಆಗಬಹುದು.

ಹೀಗಾಗಿ ನನ್ನ ಸಲಹೆ: ‘ಕನ್ಸರ್ವೇಶನ್’ ಕಾಲಂ ಇಟ್ಟುಕೊಳ್ಳಿ, ಆದರೆ ಅದಕ್ಕೆ ಪೂರ್ತಿ ಅಂಕ ಕೊಡಬೇಡಿ. ಪಟ್ಟಿಯ ಒಂದು ಭಾಗವನ್ನು, ತಳಿಯಿಂದ ತಳಿಗೆ ಸ್ವಲ್ಪ ಬದಲಾಗುವ ಪ್ರೋಟೀನ್‌ಗಳಿಗೆ ಬೇಕಂತಲೇ ಮೀಸಲಿಡಿ. ಅಲ್ಲಿ ಬದಲಾವಣೆ ಇದೆ ಅಂದರೆ ಟಿ ಕೋಶದ ಒತ್ತಡ ಬ್ಯಾಕ್ಟೀರಿಯಾಕ್ಕೆ ನಿಜವಾಗಿ ನೋಯುತ್ತಿರಬಹುದು.

ಹಂತ 6: ಚಿಕ್ಕ ಪುಟ್ಟ ಸೋಸುವಿಕೆ

ಐಇಡಿಬಿಯ ಪಾಪ್ಯುಲೇಶನ್ ಕವರೇಜ್ ಟೂಲ್‌ಗೆ ತುಂಡುಗಳನ್ನೂ ಅವುಗಳ ಅಲೀಲ್‌ಗಳನ್ನೂ ಕೊಡಿ. ಟಿಬಿ ಜಾಸ್ತಿ ಇರುವ ಪ್ರದೇಶಗಳನ್ನು ಒಂದೊಂದಾಗಿ ನೋಡಿ. ಜಗತ್ತಿನ ಸರಾಸರಿ ಒಂದೇ ನೋಡಿದರೆ ಮೋಸ ಹೋಗುತ್ತೀರಿ, ಕೆಲವು ಪ್ರದೇಶಗಳ ಎಚ್‌ಎಲ್‌ಎ ಮಾಹಿತಿಯೇ ತೆಳು. ಅಲರ್ಜಿಗೆ ಅಲರ್‌ಟಾಪ್, ವಿಷಕ್ಕೆ ಟಾಕ್ಸಿನ್‌ಪ್ರೆಡ್. ಅರ್ಧ ಗಂಟೆ ಕೆಲಸ. ಇವುಗಳ ಮೇಲೆ ಪುಟಗಟ್ಟಲೆ ಬರೆಯುವಂಥದ್ದೇನೂ ಇಲ್ಲ.

ಹಂತ 7: ಮಣಿಗಳನ್ನು ಪೋಣಿಸುವುದು

ಈಗ ನಿಮ್ಮ ಬಳಿ ಹತ್ತಿಪ್ಪತ್ತು ತುಂಡುಗಳಿವೆ. ರೂಢಿಯಲ್ಲಿರುವ ದಾರಿ, ಅವನ್ನು ಲಿಂಕರ್‌ಗಳಿಂದ (ನಡುವೆ ಕೂರುವ ಪುಟ್ಟ ಅಮೈನೋ ಆಮ್ಲ ಸರಗಳು) ಪೋಣಿಸಿ ಒಂದೇ ಪ್ರೋಟೀನ್ ಮಾಡುವುದು. ಕ್ಲಾಸ್ 1 ತುಂಡುಗಳ ನಡುವೆ ಎ-ಎ-ವೈ, ಕ್ಲಾಸ್ 2ರ ನಡುವೆ ಜಿ-ಪಿ-ಜಿ-ಪಿ-ಜಿ, ಮುಂದೆ ಅಡ್ಜುವೆಂಟ್ (ಪ್ರತಿಕ್ರಿಯೆ ಜೋರು ಮಾಡುವ) ತುಂಡು ಇದ್ದರೆ ಅದರ ಬೆನ್ನಿಗೆ ಇ-ಎ-ಎ-ಎ-ಕೆ. ಹೀಗೆ ಪೋಣಿಸಿದಾಗ ಒಂದರ ಬಾಲ, ಇನ್ನೊಂದರ ತಲೆ ಸೇರಿ ನಿಸರ್ಗದಲ್ಲೇ ಇಲ್ಲದ ಹೊಸ ಎಪಿಟೋಪ್ ಹುಟ್ಟಬಹುದು. ಆದ್ದರಿಂದ ಪೋಣಿಸಿದ ಪೂರ್ತಿ ಸರವನ್ನು ಮತ್ತೆ ಹಂತ 4ಕ್ಕೆ ಹಾಕಿ. ಗಂಟು ಬಿದ್ದ ಜಾಗದಲ್ಲಿ ಬಲವಾದ ಬೈಂಡರ್ ಕಂಡರೆ ಮಣಿಗಳ ಕ್ರಮ ಬದಲಿಸಿ. ಪೈಥಾನ್ ಬರುವವರು ಸಾವಿರ ಕ್ರಮಗಳನ್ನು ಓಡಿಸಿ ಕನಿಷ್ಠ ಗಂಟಿನದ್ದನ್ನು ಆರಿಸಬಹುದು.

ಆದರೆ ಒಂದು ಮಾತು ಹೇಳಲೇಬೇಕು. ಮನುಷ್ಯರಲ್ಲಿ ಗುರಿ ಮುಟ್ಟಿದ ಎಂ72, ಮಣಿಸರವಲ್ಲ. ಆರ್‌ವಿ0125 ಪ್ರೋಟೀನನ್ನು ಎರಡು ಭಾಗ ಮಾಡಿ, ನಡುವೆ ಆರ್‌ವಿ1196ನ್ನು ಕೂರಿಸಿದ್ದಾರೆ. ಕೀನ್ಯಾ, ದಕ್ಷಿಣ ಆಫ್ರಿಕಾ, ಜಾಂಬಿಯಾಗಳಲ್ಲಿ ಸೋಂಕಿದ್ದ ವಯಸ್ಕರಲ್ಲಿ ಸುಮಾರು 50% ರಕ್ಷಣೆ ಕಂಡಿತು. ಮೂರನೇ ಹಂತದ ಪ್ರಯೋಗ 2024ರಲ್ಲಿ ಶುರುವಾಗಿದೆ. ದೊಡ್ಡ ತುಂಡು ಇಟ್ಟರೆ, ನೀವು ಊಹಿಸದ ಎಪಿಟೋಪ್‌ಗಳೂ ಜತೆಗೆ ಬರುತ್ತವೆ. ನಾನಾದರೆ ಎರಡೂ ಮಾಡುತ್ತೇನೆ: ಒಂದು ಮಣಿಸರ, ಒಂದು ದೊಡ್ಡ ತುಂಡುಗಳ ಜೋಡಣೆ.

ಯಾವುದೇ ಆಗಲಿ, ಪ್ರೋಟೀನ್‌ನ ಗುಣಗಳನ್ನು ಲೆಕ್ಕ ಹಾಕುವ ಪ್ರೋಟ್‌ಪ್ಯಾರಮ್‌ಗೆ ಕೊಟ್ಟು ನೋಡಿ. ಅಸ್ಥಿರತೆಯ ಸೂಚ್ಯಂಕ 40ಕ್ಕಿಂತ ಕಡಿಮೆ ಇದ್ದರೆ ಸಮಾಧಾನ.

ಹಂತ 8: ಚಂದದ ಚಿತ್ರಗಳ ಹಂತ

ಪ್ರೋಟೀನ್‌ನ ಆಕಾರ ಊಹಿಸುವ ಆಲ್ಫಾಫೋಲ್ಡ್‌ಗೆ ಮಣಿಸರ ಕೊಟ್ಟರೆ ಹೆಚ್ಚಾಗಿ ನೂಡಲ್ಸ್ ಥರದ ಚಿತ್ರ ಬರುತ್ತದೆ. ತಪ್ಪೇನಲ್ಲ. ಆ ಟೂಲ್ ಸಂಬಂಧಿಕ ಪ್ರೋಟೀನ್‌ಗಳನ್ನು ನೋಡಿ ಊಹಿಸುತ್ತದೆ. ನಿಮ್ಮ ಸರಕ್ಕೆ ಸಂಬಂಧಿಕರೇ ಇಲ್ಲ. ಪಿಎಲ್‌ಡಿಡಿಟಿ ಅಂಕ (ಊಹೆಯ ಮೇಲೆ ಟೂಲ್‌ಗಿರುವ ಭರವಸೆ) 70ರ ಮೇಲಿರುವ ಭಾಗ ಮಾತ್ರ ನಂಬಿ. 50ಕ್ಕಿಂತ ಕೆಳಗಿನ ಭಾಗವನ್ನು ‘ರಚನೆ’ ಅಂತ ಕರೆಯಬೇಡಿ.

ಆಮೇಲೆ ಎಲ್ಲರೂ ಕ್ಲಸ್‌ಪ್ರೋ ಅಥವಾ ಹ್ಯಾಡಕ್‌ನಲ್ಲಿ ಟಿಎಲ್‌ಆರ್2, ಟಿಎಲ್‌ಆರ್4 (ರೋಗಾಣುವನ್ನು ಗುರುತಿಸುವ ನಮ್ಮ ಕೋಶಗಳ ಪ್ರೋಟೀನ್‌ಗಳು) ಜತೆ ಡಾಕಿಂಗ್, ಅಂದರೆ ಎರಡು ಪ್ರೋಟೀನ್ ಹೇಗೆ ಅಂಟುತ್ತವೆ ಅನ್ನುವ ಊಹೆ, ಮಾಡುತ್ತಾರೆ. ಡಾಕಿಂಗ್ ಟೂಲ್‌ಗೆ ಎರಡು ಪ್ರೋಟೀನ್ ಕೊಟ್ಟರೆ ಹೇಗಾದರೂ ಜೋಡಿ ಮಾಡಿಯೇ ತೋರಿಸುತ್ತದೆ. ಒರೆ ಹಚ್ಚುವುದು ಸುಲಭ. ಟಿಬಿಗೆ ಸಂಬಂಧವೇ ಇಲ್ಲದ, ಹೆಚ್ಚುಕಡಿಮೆ ಅಷ್ಟೇ ಉದ್ದದ ಪ್ರೋಟೀನ್ ಒಂದನ್ನು ಅದೇ ಟಿಎಲ್‌ಆರ್4ಗೆ ಡಾಕ್ ಮಾಡಿ. ಅಂಕ ನಿಮ್ಮ ಲಸಿಕೆಯದರ ಹತ್ತಿರವೇ ಬಂದರೆ, ಆ ಚಿತ್ರವನ್ನು ವರದಿಯಿಂದ ತೆಗೆಯಿರಿ. ಅಣುಗಳ ಚಲನೆ ಲೆಕ್ಕ ಹಾಕುವ ಗ್ರೋಮ್ಯಾಕ್ಸ್‌ನಲ್ಲಿ 100 ನ್ಯಾನೋಸೆಕೆಂಡ್ ಓಡಿಸಿದರೂ ತಪ್ಪು ಜೋಡಿ ಸರಿ ಜೋಡಿ ಆಗುವುದಿಲ್ಲ. ಕರೆಂಟ್ ಖರ್ಚು ಅಷ್ಟೇ.

ಸಿ-ಇಮ್‌ಸಿಮ್ ಅನ್ನುವ ರೋಗನಿರೋಧಕ ಸಿಮ್ಯುಲೇಟರ್‌ಗೂ ಇದೇ ಪರೀಕ್ಷೆ. ನಿಮ್ಮ ಸರದ ಅಕ್ಷರಗಳನ್ನು ಇಸ್ಪೀಟ್ ಎಲೆಗಳಂತೆ ಕಲಸಿ, ಅದೇ ಮೂರು ಡೋಸ್ ಕೊಡಿ. ಆ ಕಲಸುಮೇಲೋಗರಕ್ಕೂ ಗ್ರಾಫ್ ಏರಿದರೆ, ಅಸಲಿ ಗ್ರಾಫ್‌ನ ಏರಿಕೆಗೆ ಎಷ್ಟು ಬೆಲೆ ಅಂತ ನಿಮಗೇ ಗೊತ್ತಾಗುತ್ತದೆ.

ಜೆಕ್ಯಾಟ್ ಟೂಲ್‌ನಲ್ಲಿ ಕೋಡಾನ್ (ಡಿಎನ್‌ಎಯ ಮೂರಕ್ಷರದ ಪದಗಳು) ಹೊಂದಿಸುವುದು, ಪ್ಲಾಸ್ಮಿಡ್‌ಗೆ (ಜೀನ್ ಹೊರುವ ಡಿಎನ್‌ಎ ಉಂಗುರ) ಕೂರಿಸುವುದು ಐದು ನಿಮಿಷದ ಕೆಲಸ. ಜೀನ್ ಆರ್ಡರ್ ಮಾಡುವ ದಿನ ಮಾಡಿದರೆ ಸಾಕು. ಅದಕ್ಕೆ ಮುಂಚೆ ಮಾಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ.

ಹಂತ 9: ಲ್ಯಾಬಿನವರ ಕೈಗೆ ಕೊಡುವ ಪಟ್ಟಿ

ಪೂರ್ತಿ ಸರ ತಯಾರಿಸುವ ಮೊದಲು ಬಿಡಿ ಪೆಪ್ಟೈಡ್‌ಗಳನ್ನು ಪರೀಕ್ಷಿಸಿ. ಅಗ್ಗ, ಬೇಗ. ಪಟ್ಟಿಯಲ್ಲಿ ಪ್ರತಿ ಪೆಪ್ಟೈಡ್‌ಗೂ ಆರ್‌ವಿ ಸಂಖ್ಯೆ, ಅಕ್ಷರಗಳು, ಯುನಿಪ್ರೋಟ್ ಎಣಿಕೆ, ಯಾವ ಅಲೀಲ್‌ಗಳಿಗೆ ಊಹೆ, ಟೂಲ್‌ನ ಆವೃತ್ತಿ, ಓಡಿಸಿದ ದಿನಾಂಕ ಇರಲಿ. ಆವೃತ್ತಿ ಬದಲಾದರೆ ರ್‍ಯಾಂಕ್ ಬದಲಾಗುತ್ತದೆ. ಆರು ತಿಂಗಳ ಮೇಲೆ ‘ಈ ಅಂಕಿ ಎಲ್ಲಿಂದ ಬಂತು’ ಅಂತ ಕೇಳುವವರು ನೀವೇ ಆಗಿರುತ್ತೀರಿ. ನೀರಿಗೆ ಸೇರದ ಪೆಪ್ಟೈಡ್‌ಗಳಿಗೆ ಗುರುತು ಹಾಕಿ, ಅವನ್ನು ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಬೇಕಾಗುತ್ತದೆ. ತಯಾರಕರಿಗೆ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ ಜಾಸ್ತಿ ಇರುವವು ತಲೆನೋವು, ಪರ್ಯಾಯ ಒಂದನ್ನು ಪಕ್ಕದಲ್ಲೇ ಬರೆದಿಡಿ.

ಪರೀಕ್ಷೆ ಸಾಮಾನ್ಯವಾಗಿ ಎಲಿಸ್ಪಾಟ್. ಒಪ್ಪಿಗೆ ಕೊಟ್ಟ, ಇಗ್ರಾ ಪಾಸಿಟಿವ್ ಬಂದ ಜನರ ರಕ್ತದ ಕೋಶಗಳಿಗೆ ಪೆಪ್ಟೈಡ್ ಹಾಕಿ, ಇಂಟರ್‌ಫೆರಾನ್-ಗಾಮಾ ಬಿಡುವ ಕೋಶಗಳನ್ನು ಚುಕ್ಕೆಗಳಾಗಿ ಎಣಿಸುತ್ತಾರೆ. ನಿಮ್ಮ ಆಯ್ಕೆಯ 20 ಪೆಪ್ಟೈಡ್ ಜತೆ, ಅದೇ ಪ್ರೋಟೀನ್‌ಗಳಿಂದ ಟೂಲ್ ತಿರಸ್ಕರಿಸಿದ 5 ಪೆಪ್ಟೈಡ್‌ಗಳನ್ನೂ ಕಳಿಸಿ. ಯಾವುದು ಯಾವುದು ಅಂತ ಪ್ಲೇಟ್ ಓದುವವರಿಗೆ ಹೇಳಬೇಡಿ. ಪ್ಲೇಟ್‌ನ ಒಂದು ಬಾವಿಗೆ (ಚಿಕ್ಕ ಗುಳಿಗೆ) ಇಸ್ಯಾಟ್-6 ಮತ್ತು ಸಿಎಫ್‌ಪಿ-10 ಪೆಪ್ಟೈಡ್‌ಗಳ ಮಿಶ್ರಣ, ಒಂದಕ್ಕೆ ಬರೀ ಡಿಎಂಎಸ್‌ಒ. ಮೊದಲ ಬಾವಿಯಲ್ಲಿ ಚುಕ್ಕೆ ಬರದಿದ್ದರೆ, ಅಥವಾ ಎರಡನೆಯದರಲ್ಲಿ ತುಂಬಾ ಬಂದರೆ, ಉಳಿದ ಬಾವಿಗಳನ್ನು ಎಣಿಸುವ ಅಗತ್ಯವಿಲ್ಲ. ಪ್ಲೇಟ್ ಮತ್ತೆ ಹಾಕಿ.